ಔಷಧಕ್ಕೆ ಮಣಿಯದ ರೋಗಾಣುಗಳೂ ನ್ಯಾನೋ ಕಣಗಳೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗು ಬೆಳೆಗಾರನು ಸಸಿಮಡಿಗೆ ಕಂಡ ಕಂಡ ಮರದ ಕಾಯಿಯನ್ನು ಹಾಕುವುದಿಲ್ಲ. ಬರವನ್ನು ತಾಳಿ, ರೋಗವನ್ನು ಗೆದ್ದು, ವರ್ಷವರ್ಷವೂ ತುಂಬು ಗೊನೆ ಬಿಟ್ಟ ತಾಯಿಮರದ ಕಾಯಿಯನ್ನೇ ಬಿತ್ತನೆಗೆ ತೆಗೆದಿರಿಸುತ್ತಾನೆ. ಗಟ್ಟಿಯಾದುದನ್ನು ಆರಿಸಿ ಅದರ ಸಂತತಿಯನ್ನು ಬೆಳೆಸುವ ಈ ಕ್ರಮ ತೋಟಕ್ಕೆ ಶ್ರೇಯಸ್ಕರವಾದುದು. ಇದೇ ಕ್ರಮವನ್ನು ಮನುಷ್ಯನು ತನಗರಿವಿಲ್ಲದೆ ರೋಗಾಣುಗಳ ವಿಷಯದಲ್ಲಿಯೂ ನಡೆಸುತ್ತಿರುವುದು ಇಂದಿನ ವೈದ್ಯಲೋಕದ ದೊಡ್ಡ ಚಿಂತೆಯಾಗಿದೆ.

1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಅನ್ನು ಕಂಡುಹಿಡಿದನು. 1945ರ ನೊಬೆಲ್ ಉಪನ್ಯಾಸದಲ್ಲಿ ಆತನೇ ಒಂದು ಎಚ್ಚರಿಕೆಯನ್ನೂ ನೀಡಿದನು: ಅಳತೆ ತಪ್ಪಿ ಕಡಿಮೆ ಔಷಧ ಸೇವಿಸಿದರೆ ರೋಗಾಣು ಸಾಯದೆ ಔಷಧವನ್ನೇ ಎದುರಿಸಲು ಕಲಿಯುತ್ತದೆ. ಆ ಮಾತು ನಿಜವಾಯಿತು. ದುರ್ಬಲ ರೋಗಾಣುಗಳು ಸತ್ತು, ಪ್ರಬಲವಾದವು ಉಳಿದು, ಅವುಗಳ ಸಂತತಿಯೇ ವೃದ್ಧಿಯಾಯಿತು. ಸಾಲದುದಕ್ಕೆ ಒಂದು ರೋಗಾಣು ತನ್ನ ನಿರೋಧಶಕ್ತಿಯ ಗುಣಾಣುವನ್ನು ನೆರೆಯ ರೋಗಾಣುವಿಗೆ ದಾಟಿಸಬಲ್ಲದು. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನರ ಮರಣಕ್ಕೆ ಇಂತಹ ಬ್ಯಾಕ್ಟೀರಿಯಾಗಳೇ ನೇರ ಕಾರಣವೆಂದು ಅಂದಾಜು ಮಾಡಲಾಗಿದೆ. ಔಷಧಗಳು ಸೋತರೆ ಕುಡುಗೋಲಿನ ಗಾಯ, ಬಾಣಂತಿಯ ನಂಜು ಮತ್ತೆ ಪ್ರಾಣಾಂತಿಕವಾದಾವು.

ಈ ಸಂಕಟದಲ್ಲಿ ವಿಜ್ಞಾನಿಗಳು ನ್ಯಾನೋ ಪದಾರ್ಥಗಳತ್ತ ದೃಷ್ಟಿ ಹರಿಸಿದ್ದಾರೆ. ಗ್ರೀಕ್ ಮೂಲದ ಈ ಪದಕ್ಕೆ ಕುಬ್ಜ ಎಂದರ್ಥ. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ನ್ಯಾನೋಮೀಟರು. ನೂರು ನ್ಯಾನೋಮೀಟರಿಗಿಂತ ಕಿರಿದಾದ ಕಣಗಳನ್ನು ಸಾಮಾನ್ಯವಾಗಿ ಈ ವರ್ಗಕ್ಕೆ ಸೇರಿಸುತ್ತಾರೆ. ಸಾಧಾರಣ ಬ್ಯಾಕ್ಟೀರಿಯಾ ಇದರ ಮುಂದೆ ದೈತ್ಯನೇ ಸರಿ, ಅದರ ಉದ್ದ ಸಾವಿರ ನ್ಯಾನೋಮೀಟರಿಗೂ ಮಿಗಿಲು.

ಕಿರಿದಾದುದಕ್ಕೆ ಬಲವೆಲ್ಲಿಂದ ಬಂತು? ಇಡೀ ಕೊಬ್ಬರಿಗಿಂತ ತುರಿದ ಕೊಬ್ಬರಿ ಬೇಗ ರಸ ಬಿಡುವುದು ಎಲ್ಲರೂ ಬಲ್ಲ ಸಂಗತಿ. ವಸ್ತು ಸಣ್ಣದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಹೊರಮೈ ಹೆಚ್ಚುತ್ತದೆ. ಈ ನಾಡಿನ ಕರಟವೇ ಇದಕ್ಕೆ ನಿದರ್ಶನ. ಕರಟದ ಇದ್ದಿಲನ್ನು ಹಬೆಯಲ್ಲಿ ಕಾಯಿಸಿ ಸಿದ್ಧಪಡಿಸುವ ಸಕ್ರಿಯ ಇಂಗಾಲದಲ್ಲಿ ಎರಡು ನ್ಯಾನೋಮೀಟರಿಗಿಂತ ಕಿರಿದಾದ ರಂಧ್ರಗಳು ತುಂಬಿರುತ್ತವೆ. ಅದರ ಒಂದು ಗ್ರಾಮಿನ ಒಳಮೈ ಸುಮಾರು ಸಾವಿರ ಚದರ ಮೀಟರು, ಎಂದರೆ ನಾಲ್ಕು ಗ್ರಾಮಿನಲ್ಲಿ ಹೆಚ್ಚುಕಡಿಮೆ ಒಂದು ಎಕರೆ ತೋಟದ ವಿಸ್ತಾರ! ಕುಡಿಯುವ ನೀರಿನ ಶೋಧಕಗಳಲ್ಲಿ ಇಂತಹ ಇಂಗಾಲಕ್ಕೆ ಬೆಳ್ಳಿಯನ್ನು ಲೇಪಿಸಿ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವುದುಂಟು.

ಜೀವಿರೋಧಕ ಔಷಧಗಳು ಬಹುಮಟ್ಟಿಗೆ ರೋಗಾಣುವಿನ ಒಂದು ಮರ್ಮವನ್ನು ಹೊಡೆಯುತ್ತವೆ. ಬೆಳ್ಳಿಯ ನ್ಯಾನೋ ಕಣಗಳಾದರೋ ಹಲವು ಕಡೆ ಒಮ್ಮೆಗೇ ಆಘಾತ ಮಾಡುತ್ತವೆ. ಹೊರಪೊರೆಯನ್ನು ಹರಿಯುತ್ತವೆ, ಒಳಗಿನ ಪ್ರೋಟೀನುಗಳನ್ನು ಕೆಡಿಸುತ್ತವೆ. ಸುಟ್ಟಗಾಯದ ಪಟ್ಟಿಗಳಲ್ಲಿ ಇವುಗಳ ಬಳಕೆ ಈಗಾಗಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಸೀರಿಯಂ ಆಕ್ಸೈಡಿನ ನ್ಯಾನೋ ಕಣಗಳನ್ನು ಕಿಣ್ವದಂತೆ ವರ್ತಿಸುವ ಹಾಗೆ ರೂಪಿಸಿದ್ದಾರೆ. 2023ರಲ್ಲಿ ಬೆಳಕಿಗೆ ಬಂದ ಈ ಕಾರ್ಯದಲ್ಲಿ ಆ ಕಣಗಳು ಬ್ಯಾಕ್ಟೀರಿಯಾದ ಪೊರೆಯ ಫಾಸ್ಫೋಲಿಪಿಡ್ ಬಂಧಗಳನ್ನೇ ಕಡಿಯುವುದು ಪ್ರಯೋಗಾಲಯದಲ್ಲಿ ಕಂಡುಬಂದಿತು.

ಆದರೂ ಇದನ್ನು ರಾಮಬಾಣವೆಂದು ಭಾವಿಸಲಾಗದು. ಬೆಳ್ಳಿಯ ಲವಣಕ್ಕೂ ಮಣಿಯದ ಸಾಲ್ಮೊನೆಲ್ಲಾ ರೋಗಾಣು ಬಾಸ್ಟನ್ನಿನ ಆಸ್ಪತ್ರೆಯೊಂದರ ಸುಟ್ಟಗಾಯದ ರೋಗಿಗಳಲ್ಲಿ ಕಂಡುಬಂದುದು 1975ರಲ್ಲಿಯೇ ವರದಿಯಾಗಿದೆ. ರೋಗಾಣುವನ್ನು ಕೊಲ್ಲುವ ಕಣವು ಪ್ರಮಾಣ ಮೀರಿದರೆ ಮನುಷ್ಯನ ಜೀವಕೋಶಕ್ಕೂ, ಮಣ್ಣಿನ ಉಪಕಾರಿ ಜೀವಿಗಳಿಗೂ ಹಾನಿ ತರಬಲ್ಲದು. ಎಂತಹ ಹೊಸ ಅಸ್ತ್ರ ಬಂದರೂ ವಿವೇಕವಿಲ್ಲದ ಬಳಕೆಯಿಂದ ಅದೂ ಮೊಂಡಾಗುತ್ತದೆ.

ಆದುದರಿಂದ ಇರುವ ಔಷಧಗಳನ್ನು ಕಾಪಾಡಿಕೊಳ್ಳುವುದೇ ಮೊದಲ ಕರ್ತವ್ಯ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ಮಾತ್ರೆ ತರುವುದು, ನೆಗಡಿಗೂ ಜೀವಿರೋಧಕ ನುಂಗುವುದು, ಒಬ್ಬರಿಗೆ ಬರೆದುದನ್ನು ಮತ್ತೊಬ್ಬರಿಗೆ ಕೊಡುವುದು ನಿಲ್ಲಬೇಕು. ವೈದ್ಯರು ಹೇಳಿದ ಅಳತೆ, ಹೇಳಿದಷ್ಟು ದಿನ ಎಂಬ ನಿಯಮ ಮನೆಮನೆಗೆ ಮುಟ್ಟಬೇಕು. ಕೈತೊಳೆಯುವಿಕೆ, ಶುದ್ಧ ನೀರು, ಸಕಾಲದ ಲಸಿಕೆಗಳಿಂದ ರೋಗವೇ ಕಡಿಮೆಯಾದರೆ ಔಷಧದ ಹಂಗೂ ಕಡಿಮೆಯಾಗುತ್ತದೆ. ತಾಯಿಮರವನ್ನು ಆರಿಸಬಲ್ಲ ನಾಡಿನ ಮಕ್ಕಳಿಗೆ ಈ ಪಾಠ ಕಷ್ಟದ್ದಲ್ಲ. ಅದನ್ನು ಕಲಿಸುವ ಹೊಣೆ ಮಾತ್ರ ಹಿರಿಯರದು.