ಲಾಭ-ನಷ್ಟ ತೋರಿಸುವ ನಮ್ಮದೇ ಆ್ಯಪ್



ಕಳೆದ ಮಳೆಗಾಲದ ಒಂದು ಸಭೆಯಲ್ಲಿ ಲೆಕ್ಕ ಓದಿ ಮುಗಿಯುವ ಹೊತ್ತಿಗೆ ಒಬ್ಬ ಸದಸ್ಯೆ, "ಸಿಸ್ಟರ್, ನನ್ನ ದುಡ್ಡು ಫೋನಲ್ಲಿ ಕಾಣ್ತದೆ, ಕೈಗೆ ಬರ್ತಿಲ್ಲ" ಎಂದರು. ಮಗಳ ಫೀಸಿಗೆಂದು ಸಂಘದಿಂದ ತೆಗೆದ ಸಾಲ, 38,000 ರೂಪಾಯಿ. ವಾಟ್ಸಾಪ್ ಗುಂಪಿನಲ್ಲಿ ಬಂದ ಲಿಂಕ್ ಒತ್ತಿ ಒಂದು ಷೇರು ಆ್ಯಪ್ ಹಾಕಿಕೊಂಡಿದ್ದರು. ಅದರಲ್ಲಿ ಹಸಿರು ಬಣ್ಣದಲ್ಲಿ 1,90,000 ಎಂದಿತ್ತು. ತೆಗೆಯಲು ಹೋದರೆ "ಮೊದಲು 20,000 ತೆರಿಗೆ ಕಟ್ಟಿ" ಎಂಬ ಉತ್ತರ. ಅಂದೇ ಅವರ ಜೊತೆ ಕೂತು 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ಆದರೆ ಆಗಲೇ ಎರಡು ವಾರ ಕಳೆದಿತ್ತು. ಹಣ ಇನ್ನೂ ಬಂದಿಲ್ಲ.

ಬರೀ ಬುದ್ಧಿಮಾತು ಹೇಳಿದರೆ ಸಾಲದು, ಷೇರಿನ ಲಾಭ-ನಷ್ಟ ಹೇಗೆ ಹುಟ್ಟುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ಸದಸ್ಯೆಯೊಬ್ಬರ ಮಗಳು ಬಿ.ಕಾಂ. ಓದುತ್ತಿದ್ದಾಳೆ. ಎರಡು ಭಾನುವಾರ ಕೂತು ಗೂಗಲ್ ಶೀಟ್ಸ್‌ನಲ್ಲಿ ಒಂದು ಹಾಳೆ ಮಾಡಿಕೊಟ್ಟಳು. ನಮ್ಮವರು ಅದನ್ನು ಆ್ಯಪ್ ಎಂದೇ ಕರೆಯುತ್ತಾರೆ, ನಾವೂ ಹಾಗೇ ಕರೆಯೋಣ.

ಅದರಲ್ಲಿ ಹಳದಿ ಬಣ್ಣದ ಐದು ಮನೆಗಳಿವೆ. ಎಷ್ಟು ಷೇರು, ಕೊಂಡ ಬೆಲೆ, ಇವತ್ತಿನ ಬೆಲೆ, ಖರ್ಚು, ಮತ್ತು ಸಾಲ ಮಾಡಿ ಕೊಂಡಿದ್ದರೆ ಎಷ್ಟು ತಿಂಗಳಾಯಿತು ಎಂಬುದು. ಹಳದಿ ಮನೆಯಲ್ಲಿ ಅಂಕಿ ಬದಲಿಸಿದ ಕೂಡಲೇ ಪಕ್ಕದ ಕಂಬ ಏರುತ್ತದೆ ಇಲ್ಲವೇ ಇಳಿಯುತ್ತದೆ. ಸೊನ್ನೆ ಗೆರೆಯ ಮೇಲೆ ಹಸಿರು, ಕೆಳಗೆ ಕೆಂಪು. ಒಳಗಿನ ಸೂತ್ರ ನಮ್ಮ ತರಕಾರಿ ವ್ಯಾಪಾರದ ಲೆಕ್ಕವೇ: ಇವತ್ತಿನ ಬೆಲೆಯಲ್ಲಿ ಕೊಂಡ ಬೆಲೆ ಕಳೆ, ಷೇರಿನ ಸಂಖ್ಯೆಯಿಂದ ಗುಣಿಸು, ಖರ್ಚು ಮತ್ತು ಬಡ್ಡಿ ಕಳೆ.

ಈಗ ನೋಡಿ. 200 ರೂಪಾಯಿಯ 10 ಷೇರು ಕೊಂಡಿರಿ, 2,000 ಹೋಯಿತು. ಬೆಲೆ 230 ಆಯಿತು. ಕಂಬ 300ಕ್ಕೆ ಏರಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ದಲ್ಲಾಳಿ, ತೆರಿಗೆ ಇತ್ಯಾದಿ ಖರ್ಚು 40 ಎಂದಿಟ್ಟುಕೊಳ್ಳೋಣ, ಉಳಿದದ್ದು 260. ಸಂಘದಿಂದ ತಿಂಗಳಿಗೆ ನೂರಕ್ಕೆ 2ರ ಬಡ್ಡಿಯಲ್ಲಿ ಆ 2,000 ತಂದಿದ್ದು, ಆರು ತಿಂಗಳಾಗಿದ್ದರೆ? ಬಡ್ಡಿಯೇ 240. ಕಂಬ ಕುಗ್ಗಿ 20 ರೂಪಾಯಿಗೆ ನಿಂತಿತು. ಚಪ್ಪಾಳೆಯೂ ನಿಂತಿತು. ಪೇಟೆಯ ಆ್ಯಪ್‌ಗಳಲ್ಲಿ ಈ ಬಡ್ಡಿಯ ಮನೆ ಇರುವುದಿಲ್ಲ. ನಾವು ಯಾರ ಹತ್ತಿರ ಸಾಲ ಮಾಡಿದೆವು ಅಂತ ಅವುಗಳಿಗೇನು ಗೊತ್ತು!

ಮೊದಲ ಸಲ ಮಾಡಿದ್ದರಲ್ಲಿ ಒಂದು ತಪ್ಪಿತ್ತು. 50 ರೂಪಾಯಿ ನಷ್ಟಕ್ಕೂ 500 ರೂಪಾಯಿ ನಷ್ಟಕ್ಕೂ ಕೆಂಪು ಕಂಬ ಒಂದೇ ಎತ್ತರ ಕಾಣುತ್ತಿತ್ತು. ಅಂಕಿಗೆ ತಕ್ಕಂತೆ ಚಿತ್ರ ತಾನೇ ಅಳತೆ ಬದಲಿಸಿಕೊಳ್ಳುತ್ತದಂತೆ. ಹುಡುಗಿ ಮೇಲೆ 2,500, ಕೆಳಗೆ 2,500 ಎಂದು ಗಡಿ ಕಟ್ಟಿದ ಮೇಲೆ ಸರಿಹೋಯಿತು. ಸ್ವಂತ ಹಣದಿಂದ ಷೇರು ಕೊಂಡವರಿಗೆ ಆ 2,000 ಮತ್ತು ಖರ್ಚು ಹೋಗಬಹುದು, ಅಷ್ಟೇ. ಸಾಲ ಮಾಡಿದವರ ಕಂಬ ಮಾತ್ರ ಅಲ್ಲಿಂದಲೂ ಕೆಳಗಿಳಿಯುತ್ತಾ ಹೋಗುತ್ತದೆ.

ಇನ್ನೊಂದು ಮನೆ ನಾವೇ ಕೇಳಿ ಹಾಕಿಸಿದ್ದು: "ಹಾಕಿದ್ದು ವಾಪಸ್ಸು ಬರಲು ನೂರಕ್ಕೆ ಎಷ್ಟು ಏರಬೇಕು?" 200ರ ಷೇರು 150ಕ್ಕೆ ಇಳಿದರೆ ನೂರಕ್ಕೆ 25 ನಷ್ಟ, ಆದರೆ ಮರಳಿ 200 ಆಗಲು ನೂರಕ್ಕೆ 33 ಏರಬೇಕು. 100ಕ್ಕೆ ಇಳಿದರೆ ಎರಡರಷ್ಟೇ ಆಗಬೇಕು. ಇದು ಬರೀ ಕಾಗದದ ಲೆಕ್ಕವಲ್ಲ. ಮುಂಬೈ ಷೇರುಪೇಟೆಯ ಸೆನ್ಸೆಕ್ಸ್ 2008ರ ಜನವರಿಯಲ್ಲಿ 21 ಸಾವಿರದ ಹತ್ತಿರವಿತ್ತು, 2009ರ ಮಾರ್ಚ್‌ನಲ್ಲಿ 8 ಸಾವಿರದ ಆಸುಪಾಸಿಗೆ ಬಿತ್ತು, ಮತ್ತೆ 21 ಸಾವಿರ ಕಂಡದ್ದು 2010ರ ನವೆಂಬರಿನಲ್ಲಿ. ಸ್ವಂತ ಉಳಿತಾಯ ಹಾಕಿದವರು ಕಾದರು. ತಿಂಗಳು ತಿಂಗಳು ಕಂತು ಕಟ್ಟುವವರು ಮೂರು ವರ್ಷದ ಹತ್ತಿರ ಹೇಗೆ ಕಾಯುವುದು?

ಗಂಡುಮಕ್ಕಳು ಫೋನಿನಲ್ಲಿ ಆಡುವ ಫ್ಯೂಚರ್ಸ್, ಆಪ್ಷನ್ಸ್ ವ್ಯವಹಾರಕ್ಕೆ ಈ ಹಾಳೆ ಆಗಿಬರುವುದಿಲ್ಲ. ಅದು ಬೇರೆಯೇ ಬಾವಿ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಅದರಲ್ಲಿ ಕೈಹಾಕಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರೆಂದು ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿ 2024ರಲ್ಲಿ ತಿಳಿಸಿದೆ.

ಹಾಳೆ ಸಿದ್ಧವಾದ ದಿನ ಹಣ ಕಳೆದುಕೊಂಡ ಆ ಸದಸ್ಯೆಯೂ ಬಂದಿದ್ದರು. ಒಂದು ಮಗು ಆಟಕ್ಕೆ 'ಇವತ್ತಿನ ಬೆಲೆ' ಮನೆಯಲ್ಲಿ 5,000 ಒತ್ತಿತು. ಕಂಬ ಮೇಲಿನ ಗಡಿ ಮುಟ್ಟಿತು, 48,000 ಲಾಭ! ಎಲ್ಲರೂ ನಕ್ಕರು. ಅವರು ನಗಲಿಲ್ಲ. ಸ್ವಲ್ಪ ಹೊತ್ತು ನೋಡಿ, "ಹಾಗಾದ್ರೆ ನನ್ನ ಫೋನಲ್ಲಿ ಬಂದದ್ದೂ ಹೀಗೇ ಯಾರೋ ಒತ್ತಿದ್ದಾ?" ಎಂದರು. ಹೌದು ಅಂದೆವು.

ನಿಜವಾದ ಷೇರು ನಿಮ್ಮ ಹೆಸರಿನ ಡಿಮ್ಯಾಟ್ ಖಾತೆಯಲ್ಲಿ ಇರುತ್ತದೆ. ಅದರ ಲೆಕ್ಕಪತ್ರ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್‌ನಿಂದ ಬರುತ್ತದೆ. ದಲ್ಲಾಳಿಯ ನೋಂದಣಿಯನ್ನು ಸೆಬಿ ವೆಬ್‌ಸೈಟಿನಲ್ಲಿ ನೋಡಬಹುದು. ಲಾಭದ ಮೇಲಿನ ಆದಾಯ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟುವುದು. ನಿಮ್ಮದೇ ಹಣ ಬಿಡಿಸಲು ಆ್ಯಪಿನವರಿಗೆ ಮುಂಗಡ ಕಟ್ಟುವ ತೆರಿಗೆ ಎಂಬುದಿಲ್ಲ. ಹಾಗೆ ಕೇಳಿದರೆ ಒಂದು ರೂಪಾಯಿಯೂ ಹಾಕದೆ ತಕ್ಷಣ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟುತ್ತದೆ.

ಮುಂದಿನ ಸಭೆಯಲ್ಲಿ ಮಾಡಿ ನೋಡಿ: 10 ಷೇರು, ಕೊಂಡದ್ದು 200ಕ್ಕೆ, ಈಗ 150, ಖರ್ಚು 40, ಆರು ತಿಂಗಳ ಬಡ್ಡಿ ಮೇಲಿನಂತೆಯೇ. ಫೋನಿಲ್ಲದವರು ನೆಲದ ಮೇಲೆ ಸೀಮೆಸುಣ್ಣದಿಂದ ಕಂಬ ಎಳೆಯಿರಿ. ನಮಗೆ ಬಂದ ಉತ್ತರ 780 ರೂಪಾಯಿ, ಕೆಂಪು.