ಪಂಪ್‌ಮನೆಯ ಪಿಂಗಾಣಿ: ಲೋಹ, ಪಿಂಗಾಣಿ ಮತ್ತು ಗಾಜಿನ ಗುಣಗಳು

(ಗ್ರಾಮ ಪಂಚಾಯತಿಗಳ ನೀರುಗಂಟಿಗಳ ಹಾಗೂ ಪ್ರೌಢಶಾಲಾ ವಿಜ್ಞಾನ ಶಿಕ್ಷಕರ ಅಭ್ಯಾಸಕ್ಕಾಗಿ)

ಕೊಳವೆಬಾವಿಯ ಪಂಪ್‌ಮನೆಯ ಫಲಕದಲ್ಲಿ ಪರಸ್ಪರ ವಿರುದ್ಧ ಗುಣದ ಪದಾರ್ಥಗಳು ಅಕ್ಕಪಕ್ಕದಲ್ಲೇ ಇರುತ್ತವೆ. ತಾಮ್ರ, ಹಿತ್ತಾಳೆಗಳ ಕೆಲಸ ವಿದ್ಯುತ್ತನ್ನು ಹರಿಯಗೊಡುವುದು. ಫ್ಯೂಸಿನ ಬಿಳಿ ಪಿಂಗಾಣಿಯ ಕೆಲಸ ಅದು ಕೈಗೆ ತಾಗದಂತೆ ತಡೆಯುವುದು. ಪಿಂಗಾಣಿ ಒಡೆದಾಗ ಬರಿಯ ತಂತಿಯನ್ನೇ ಎರಡು ತುದಿಗಳಿಗೆ ಸುತ್ತಿ ಮೋಟಾರು ನಡೆಸುವ ರೂಢಿ ಅಲ್ಲಲ್ಲಿ ಇನ್ನೂ ಉಳಿದಿದೆ. ಇದು ಪ್ರಾಣಕ್ಕೇ ಎರವಾಗುವ ರೂಢಿ.

ಲೋಹದ ಪರಮಾಣುಗಳ ನಡುವೆ ಕೆಲವು ಎಲೆಕ್ಟ್ರಾನುಗಳು ಬಂಧನವಿಲ್ಲದೆ ಚಲಿಸುತ್ತವೆ. ವಿದ್ಯುತ್ತೂ ಶಾಖವೂ ಲೋಹದಲ್ಲಿ ಸುಲಭವಾಗಿ ಸಾಗುವುದು ಇವುಗಳಿಂದಲೇ. ಬಿಳಿ ಜೇಡಿಮಣ್ಣು, ಬೆಣಚುಕಲ್ಲು, ಫೆಲ್ಡ್‌ಸ್ಪಾರ್‌ಗಳ ಪುಡಿಯನ್ನು ಕಲಸಿ 1200 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಉಷ್ಣತೆಯಲ್ಲಿ ಸುಟ್ಟ ಪಿಂಗಾಣಿಯಲ್ಲಾದರೋ ಎಲೆಕ್ಟ್ರಾನುಗಳು ತಮ್ಮ ಪರಮಾಣುಗಳಿಗೆ ಬಿಗಿಯಾಗಿ ಕಟ್ಟುಬಿದ್ದಿರುತ್ತವೆ. ಗಾಜಿನಲ್ಲಿಯೂ ಹೀಗೆಯೇ. (ಆದರೆ ಕರಗಿದ ಗಾಜು ವಿದ್ಯುತ್ತನ್ನು ಹರಿಯಗೊಡುತ್ತದೆ ಎಂಬುದನ್ನು ಶಿಕ್ಷಕರು ತರಗತಿಯಲ್ಲಿ ಹೇಳಿದರೆ ಮಕ್ಕಳ ಕುತೂಹಲ ಕೆರಳೀತು.) ಫ್ಯೂಸ್ ತಂತಿ ಕರಗುವ ಕ್ಷಣದ ಕಿಡಿ ಮತ್ತು ಶಾಖವನ್ನು ಪಿಂಗಾಣಿ ಉರಿಯದೆ, ಕರಗದೆ ತಾಳಿಕೊಳ್ಳುತ್ತದೆ. ಮರಕ್ಕೆ ಆ ಶಕ್ತಿಯಿಲ್ಲ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಸಾಗಿದ ಕಾಲದಿಂದ ಇಂದಿನವರೆಗೂ ಕಂಬದ ತಂತಿಯನ್ನು ಕಂಬದಿಂದ ಬೇರ್ಪಡಿಸುವ ಅಗತ್ಯ ಒಂದೇ ಆಗಿದೆ. ಕಂಬದ ಮೇಲಿನ ಪಿಂಗಾಣಿ ಬಟ್ಟಲಿಗೆ ಲಂಗದಂತಹ ಅಂಚುಗಳಿರುವುದು ಅಂದಕ್ಕಲ್ಲ. ಮಳೆಯಲ್ಲಿಯೂ ಅಂಚಿನ ಒಳಮೈ ಒಣಗಿರಬೇಕು. ಪಿಂಗಾಣಿ ತಾನಾಗಿ ವಿದ್ಯುತ್ತನ್ನು ಬಿಡದು. ಅದರ ಮೇಲೆ ಕುಳಿತ ಧೂಳು ನೆನೆದರೆ ಆ ಕೊಳೆಯೇ ದಾರಿ ಮಾಡಿಕೊಡುತ್ತದೆ.

ಪಿಂಗಾಣಿಯ ಕೊರತೆ ಅದರ ಬಿರುಸಿನಲ್ಲಿದೆ. ಸುತ್ತಿಗೆಯ ಪೆಟ್ಟಿಗೆ ತಾಮ್ರ ತಗ್ಗುತ್ತದೆ, ಏಕೆಂದರೆ ಅದರ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರಬಲ್ಲವು. ಪಿಂಗಾಣಿಯಲ್ಲಿ ಜಾರುವಿಕೆಗೆ ಎಡೆಯಿಲ್ಲವಾದ್ದರಿಂದ ಕೂದಲೆಳೆಯ ಬಿರುಕೂ ಹಠಾತ್ತನೆ ಹರಿದು ಒಡೆಯುತ್ತದೆ. ಅದು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳದು. ಸಮತಟ್ಟಿಲ್ಲದ ಹಲಗೆಯ ಮೇಲೆ ಸ್ಕ್ರೂವನ್ನು ಅತಿಯಾಗಿ ಬಿಗಿದರೆ ಫ್ಯೂಸಿನ ತಳ ಸೀಳುವುದು ಇದರಿಂದಲೇ. ಹದಗೊಳಿಸಿದ ಗಾಜಿನ ಇನ್ಸುಲೇಟರಿಗೆ ಒಂದು ವಿಶೇಷ ಅನುಕೂಲವಿದೆ: ಅದು ಕೆಟ್ಟಾಗ ಪೂರ್ತಿ ಚೂರಾಗುವುದರಿಂದ ಲೈನ್‌ಮನ್‌ಗೆ ನೆಲದಿಂದಲೇ ಕಾಣುತ್ತದೆ. ಪಿಂಗಾಣಿಯ ಒಳಬಿರುಕು ಹಾಗೆ ಕಾಣಸಿಗದು.

ಬಿರುಕಿನೊಳಗೆ ತೇವ ಸೇರಿದ ಫ್ಯೂಸ್ ಹಿಡಿಕೆ ನೋಟಕ್ಕೆ ಗಟ್ಟಿಯಾಗಿದ್ದರೂ ರಕ್ಷಣೆ ನೀಡದು. ಟೇಪು ಸುತ್ತಿದರೂ ಅದು ಸರಿಯಾಗದು, ಬದಲಾಯಿಸಲೇಬೇಕು. ದಪ್ಪ ತಾಮ್ರದ ತಂತಿ ಹಾಕಿದಲ್ಲಿ ಹೆಚ್ಚಿನ ವಿದ್ಯುತ್ ಹರಿದಾಗ ಫ್ಯೂಸ್ ಕರಗುವ ಬದಲು ಮೋಟಾರಿನ ಸುರುಳಿ ಸುಡುತ್ತದೆ. ಆದ್ದರಿಂದ ಮೋಟಾರಿಗೆ ತಕ್ಕ ಅಳತೆಯ ಫ್ಯೂಸ್ ತಂತಿಯನ್ನೇ ಬಳಸತಕ್ಕದ್ದು. ಬದಲಾಯಿಸುವ ಮೊದಲು ಮುಖ್ಯ ಸ್ವಿಚ್ಚನ್ನು ಆಫ್ ಮಾಡಿ, ಟೆಸ್ಟರಿನಿಂದ ಮೂರೂ ಫೇಸುಗಳನ್ನು ಪರೀಕ್ಷಿಸತಕ್ಕದ್ದು. ಕಂಬದ ಮೇಲಿನ ಫ್ಯೂಸನ್ನು ನೀರುಗಂಟಿಗಳು ಮುಟ್ಟುವಂತಿಲ್ಲ. ಅದು ವಿದ್ಯುತ್ ಸರಬರಾಜು ಕಂಪನಿಯ ಸಿಬ್ಬಂದಿಯ ಕೆಲಸ. ಪಂಪ್‌ಮನೆಯಲ್ಲಿ ಒಂದೆರಡು ಹೆಚ್ಚುವರಿ ಪಿಂಗಾಣಿ ಹಿಡಿಕೆಗಳನ್ನು ಗೋಣಿಚೀಲದಲ್ಲಿ ಸುತ್ತಿ, ಒಣಗಿದ ಕಪಾಟಿನಲ್ಲಿ ಇಟ್ಟಿರಬೇಕು.