ಮನೆಯ ಧಗೆ ಹೊರಹಾಕುವ ಫ್ಯಾನು: ಮಣ್ಣೂರ ಸೀಮೆಯವರು ಮಾಡಬೇಕಾದ್ದು, ಮಾಡಬಾರದ್ದು

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ಕಚೇರಿಗೆ ಹೀಗೆ ವೇಳೆ ಬದಲಿಸಿಕೊಳ್ಳಲು ಬರುತ್ತದೆ, ಮನೆಗೆ ಬರುವುದಿಲ್ಲ. ಹಗಲೆಲ್ಲ ಕಾದ ಸ್ಲ್ಯಾಬು ಸಂಜೆಯಿಂದ ಕೆಳಗೆ ಧಗೆ ಬಿಡುತ್ತದೆ. ಹೊರಗೆ ಗಾಳಿ ತಂಪಾದರೂ ಪಡಸಾಲೆಯೊಳಗೆ ನಡುರಾತ್ರಿಯವರೆಗೆ ಉಸಿರು ಕಟ್ಟುತ್ತದೆ. ಗಟ್ಟಿ ಆಳುಗಳು ಮಾಳಿಗೆ ಏರಿ ಮಲಗುತ್ತಾರೆ. ಬಾಣಂತಿ, ಕೂಸು, ಮೆಟ್ಟಿಲು ಹತ್ತಲಾಗದ ಅಜ್ಜ, ಅಜ್ಜಿ ಕೆಳಗೇ ಉಳಿಯುತ್ತಾರೆ. ಈ ಸೂಚನೆ ಬರೆದದ್ದು ಮೊದಲು ಅವರಿಗಾಗಿ.

ಮನೆಯೊಳಗಿನ ಬಿಸಿ ಗಾಳಿಯನ್ನು ಮೇಲಿಂದ ಒಮ್ಮೆಲೇ ಹೊರದಬ್ಬಿ, ಕಿಟಕಿಗಳಿಂದ ಹೊಸ ಗಾಳಿ ಎಳೆದುಕೊಳ್ಳುವ ದೊಡ್ಡ ಫ್ಯಾನು ಹಾಕಿಸುವ ವಿಚಾರ ಈಗ ಅನೇಕರ ತಲೆಯಲ್ಲಿದೆ. ವಿಚಾರ ಒಳ್ಳೆಯದೇ. ಆದರೆ ಮೊಬೈಲಿನಲ್ಲಿ ಕಾಣುವ ಅಮೆರಿಕದ ಮನೆಗಳಲ್ಲಿ ಕಟ್ಟಿಗೆಯ ಚಾವಣಿ ಇರುತ್ತದೆ, ಅದರ ಮೇಲೆ ಇಳಿಜಾರು ಹೊದಿಕೆ ಇರುತ್ತದೆ, ನಡುವೆ ಖಾಲಿ ಅಟ್ಟ ಇರುತ್ತದೆ. ಅಲ್ಲಿನ ಫ್ಯಾನು ಗಾಳಿಯನ್ನು ಆ ಅಟ್ಟಕ್ಕೆ ನೂಕುತ್ತದೆ. ನಮ್ಮ ಸ್ಲ್ಯಾಬಿನ ಮೇಲೆ ಇರುವುದು ಬಯಲು. ಆದ್ದರಿಂದ ಯಂತ್ರವೂ ಬೇರೆ, ಕೂರಿಸುವ ಜಾಗವೂ ಬೇರೆ, ಖರ್ಚಿನ ಲೆಕ್ಕವೂ ಬೇರೆ.

ಕೊಳ್ಳುವ ಮೊದಲು

ಒಂದು ಸಾದಾ ಥರ್ಮಾಮೀಟರ್ ತನ್ನಿ. ಪಡಸಾಲೆಯ ಒಳಗೆ ಮತ್ತು ಹೊರಗೆ ನೆರಳಿನಲ್ಲಿ, ಮಧ್ಯಾಹ್ನ, ಸಂಜೆ 7ಕ್ಕೆ, ರಾತ್ರಿ 10ಕ್ಕೆ, ಬೆಳಗಿನ 5ಕ್ಕೆ ನೋಡಿ ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಒಂದು ವಾರ ಸಾಕು. ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾಗುವ ಹೊತ್ತು ಯಾವುದೋ, ಈ ಫ್ಯಾನು ಕೆಲಸಕ್ಕೆ ಬರುವುದು ಆ ಹೊತ್ತಿಗೆ ಮಾತ್ರ. ಅದು ತಂಪನ್ನು ಹುಟ್ಟಿಸುವುದಿಲ್ಲ, ಗಾಳಿಯನ್ನು ಬದಲಿಸುತ್ತದೆ ಅಷ್ಟೆ.

ಹೊರಗೆ 43 ಡಿಗ್ರಿ ಇರುವಾಗ ಅದನ್ನು ಹಚ್ಚಲೇಬೇಡಿ. ಹಚ್ಚಿದರೆ ಬೀದಿಯ ಝಳವನ್ನು ಕೈಯಾರೆ ಒಳಗೆ ಕರೆದಂತೆ. ಹಗಲು ಕಿಟಕಿ ಮುಚ್ಚಿ, ಪರದೆ ಇಳಿಬಿಡಿ. ಬಿಸಿಲು ಇಳಿದ ಮೇಲೆ ತೆರೆಯಿರಿ. 40 ಡಿಗ್ರಿ ದಾಟಿದ ಮೇಲೆ ಸೀಲಿಂಗ್ ಫ್ಯಾನಿನ ಗಾಳಿ ಕೂಡ ಮೈಯನ್ನು ತಣಿಸುವುದಿಲ್ಲ, ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಆ ಹೊತ್ತಿನಲ್ಲಿ ವಯಸ್ಸಾದವರಿಗೆ ಒದ್ದೆ ಬಟ್ಟೆ, ನೀರು, ಮಜ್ಜಿಗೆ ಬೇಕು. ಮಾತು ತಡವರಿಸಿದರೆ, ಪ್ರಜ್ಞೆ ಮಂಕಾದರೆ ಆಂಬುಲೆನ್ಸಿಗೆ 108ಕ್ಕೆ ಕರೆ ಮಾಡಬೇಕು. ಫ್ಯಾನು ಇದೆ ಎಂಬ ಧೈರ್ಯದಿಂದ ಅವರನ್ನು ಮುಚ್ಚಿದ ಕೋಣೆಯಲ್ಲಿ ಒಬ್ಬರನ್ನೇ ಬಿಡಬೇಡಿ.

ಫ್ಯಾನಿನ ದುಡ್ಡಿಗೆ ಕೈ ಹಾಕುವ ಮೊದಲು ಮಾಳಿಗೆಗೆ ಬಿಳಿ ಬಳಿಯಿರಿ. ಧಗೆಯ ಮೂಲ ಸ್ಲ್ಯಾಬು. ಮೂಲವನ್ನು ಬಿಟ್ಟು ಗಾಳಿಯನ್ನಷ್ಟೇ ದಬ್ಬುತ್ತ ಕೂತರೆ ಕರೆಂಟು ಸುಡುತ್ತದೆ, ಮನೆ ತಣಿಯುವುದಿಲ್ಲ. ಫೆಬ್ರುವರಿ ಕೊನೆಗೆ ಸ್ಲ್ಯಾಬಿನ ಧೂಳು ತೊಳೆದು, ಸುಣ್ಣಕ್ಕೆ ಅಂಟು ಬೆರೆಸಿ ಎರಡು ಕೈ ಬಳಿಯಬಹುದು. ದುಡ್ಡಿದ್ದರೆ ಬಿಸಿಲು ಹಿಂದಿರುಗಿಸುವ ಬಿಳಿ ಬಣ್ಣ ಸಿಗುತ್ತದೆ. ಸುಣ್ಣ ಮಳೆಗೆ ಹೋಗುತ್ತದೆ, ವರ್ಷ ವರ್ಷ ಬಳಿಯಬೇಕು, ಬಣ್ಣ ಹೆಚ್ಚು ಬಾಳುತ್ತದೆ. ನೆರೆಯ ತೆಲಂಗಾಣ 2023ರಲ್ಲಿ ತಂಪು ಮಾಳಿಗೆಗೆಂದೇ ಒಂದು ನೀತಿ ತಂದಿದೆ. ನಾವು ಸರ್ಕಾರದ ದಾರಿ ಕಾಯಬೇಕಿಲ್ಲ. ಇಡೀ ಸೂಚನೆಯಲ್ಲಿ ಒಂದೇ ಕೆಲಸ ಮಾಡುವ ಶಕ್ತಿ ನಿಮಗಿದ್ದರೆ ಇದನ್ನು ಮಾಡಿ, ಉಳಿದದ್ದನ್ನು ಬಿಡಿ.

ಎಲ್ಲಿ ಕೂರಿಸಬೇಕು

ಆರ್‌ಸಿಸಿ ಸ್ಲ್ಯಾಬನ್ನು ಕೊರೆಯಬೇಡಿ. ಯಾರು ಎಷ್ಟೇ ಭರವಸೆ ಕೊಟ್ಟರೂ ಬೇಡ. ಒಳಗಿನ ಕಬ್ಬಿಣದ ಸರಳು ಕತ್ತರಿಸಿದರೆ ಸ್ಲ್ಯಾಬಿನ ಬಲ ಹೋಗುತ್ತದೆ, ಮೊದಲ ದೊಡ್ಡ ಮಳೆಗೇ ಸೋರುತ್ತದೆ. ಮೆಟ್ಟಿಲು ಮನೆಯೊಳಗಿಂದ ಮಾಳಿಗೆಗೆ ಹೋಗುತ್ತಿದ್ದರೆ, ಅದರ ತಲೆಯ ಮೇಲೆ ಕಟ್ಟಿದ ಪುಟ್ಟ ಕೋಣೆಯೇ ಮನೆಯ ಅತಿ ಎತ್ತರದ ಜಾಗ. ಬಿಸಿ ಗಾಳಿ ತಾನಾಗಿ ಅಲ್ಲಿಗೆ ಏರುತ್ತದೆ. ಆ ಕೋಣೆಯ ಗೋಡೆಯಲ್ಲಿ, ಮೇಲ್ಗಡೆ, ಫ್ಯಾನು ಹಾಕಿಸಿ. ಇಡೀ ಮನೆಗೆ ಒಂದೇ ಫ್ಯಾನು ಸಾಕಾಗುವುದು ಇಂಥ ಮನೆಯಲ್ಲಿ.

ಮೆಟ್ಟಿಲು ಹೊರಗಿದ್ದರೆ ಪಡಸಾಲೆಯ ವೆಂಟಿಲೇಟರ್ ಜಾಗವೇ ಗತಿ. ಎತ್ತರದ ಗೋಡೆ ಆರಿಸಿ, ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿದ ಗೋಡೆ ಆರಿಸಿ. ನಮ್ಮ ಕಡೆ ಗಾಳಿ ಬಹುತೇಕ ಪಡುವಣದಿಂದ ಬರುವುದರಿಂದ ಮೂಡಣ ಗೋಡೆ ಒಳ್ಳೆಯದು. ಆದರೂ ಓಣಿಯ ಮನೆಗಳು ಗಾಳಿಯನ್ನು ತಿರುಗಿಸುತ್ತವೆ. ರಾತ್ರಿ ಊದಿನಕಡ್ಡಿ ಹಚ್ಚಿ ಹೊಗೆ ಯಾವ ಕಡೆ ಎಳೆಯುತ್ತದೆ ನೋಡಿ ತೀರ್ಮಾನಿಸಿ. ನೆರೆಮನೆಯ ಕಿಟಕಿಗೆ ಎದುರಾಗಿ ಕೂರಿಸಬೇಡಿ. ನಮ್ಮ ಧಗೆ, ನಮ್ಮ ಒಗ್ಗರಣೆಯ ಘಾಟು ಅವರ ಮಲಗುವ ಕೋಣೆಗೆ ಹೋಗಬಾರದು.

ಹಳೆಯ ಮಾಳಿಗೆ ಮನೆಯವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕಿದೆ. ದಪ್ಪ ಗೋಡೆ, ತೊಲೆ, ಜಂತಿ, ಮೇಲೆ ಮಣ್ಣು ಇರುವ ಮನೆ ಹಗಲಿನ ಬಿಸಿಯನ್ನು ತಡವಾಗಿ ಒಳಗೆ ಬಿಡುತ್ತದೆ. ಅದರ ಮೇಲಿನ ಬೆಳಕಿಂಡಿ ಬೆಳಕಿಗಷ್ಟೇ ಇಟ್ಟದ್ದಲ್ಲ, ಒಲೆಯ ಹೊಗೆಯೂ ಮನೆಯ ಬಿಸಿಯೂ ಹೋಗುವ ದಾರಿ ಅದು. ಅದನ್ನು ಸಿಮೆಂಟಿನಿಂದ ಮುಚ್ಚಬೇಡಿ. ಮಳೆ, ಬೆಕ್ಕು, ಹಾವಿನ ಹೆದರಿಕೆ ಇದ್ದರೆ ಜಾಳಿಗೆ ಹಾಕಿಸಿ, ಮೇಲೆ ನಾಲ್ಕು ಕಲ್ಲಿನ ಮೇಲೆ ಎತ್ತಿ ಒಂದು ಶಹಾಬಾದ್ ಪರ್ಸಿ ಇಡಿ. ರಾತ್ರಿ ಬಾಗಿಲ ಕಡೆಯ ಕಿಟಕಿ ತೆರೆದಿಟ್ಟರೆ ಅನೇಕ ಮನೆಗಳಿಗೆ ಫ್ಯಾನೇ ಬೇಕಾಗುವುದಿಲ್ಲ. ಇಂಥ ಮಾಳಿಗೆಗೆ ಭಾರದ ಮೋಟರು ತೂಗುಹಾಕುವುದಂತೂ ಸಲ್ಲದು.

ಪತ್ರಾ ಮನೆಯವರು ಗಾಳಿಗೇ ತಿರುಗುವ ಗೋಲ ವೆಂಟಿಲೇಟರ್ ಕೇಳಿ ನೋಡಿ, ಕರೆಂಟು ಬೇಡ. ಗಾಳಿ ನಿಂತ ರಾತ್ರಿ ಅದೂ ಬಹುಮಟ್ಟಿಗೆ ನಿಲ್ಲುತ್ತದೆ ಎಂಬುದು ತಿಳಿದಿರಲಿ. ಪತ್ರಾದ ಕೆಳಗೆ ಒಂದು ಪದರ ಚಾವಣಿ ಮಾಡಿಸುವುದು ಅದಕ್ಕಿಂತ ಮುಖ್ಯ.

ಯಾವ ಫ್ಯಾನು

ಅಂಗಡಿಗೆ ಹೋಗಿ “ದೊಡ್ಡದು ಕೊಡಿ” ಎನ್ನಬೇಡಿ. ಮನೆಯ ಉದ್ದ, ಅಗಲ, ಎತ್ತರ ಅಳೆದುಕೊಂಡು ಹೋಗಿ. 20 ಅಡಿಗೆ 30 ಅಡಿಯ ಮನೆ, 10 ಅಡಿ ಎತ್ತರ ಎಂದರೆ ಒಳಗೆ 6,000 ಘನ ಅಡಿ ಗಾಳಿ. ಮೂರು ನಾಲ್ಕು ನಿಮಿಷಕ್ಕೊಮ್ಮೆ ಗಾಳಿ ಬದಲಾಗಬೇಕೆಂದರೆ ನಿಮಿಷಕ್ಕೆ 1,500ರಿಂದ 2,000 ಘನ ಅಡಿ ಎಳೆಯುವ ಫ್ಯಾನು ಬೇಕು. ಡಬ್ಬಿಯ ಮೇಲೆ ಹೆಚ್ಚಾಗಿ ಗಂಟೆಗೆ ಇಷ್ಟು ಘನ ಮೀಟರ್ ಎಂದು ಬರೆದಿರುತ್ತಾರೆ. ನಿಮಿಷದ ಘನ ಅಡಿಯನ್ನು 1.7ರಿಂದ ಗುಣಿಸಿದರೆ ಅದು ಸಿಗುತ್ತದೆ. ಈ ಮನೆಗೆ ಸುಮಾರು 2,550ರಿಂದ 3,400. ಬಚ್ಚಲಿಗೆ ಹಾಕುವ 150, 200 ಮಿಲಿಮೀಟರಿನ ಚಿಕ್ಕ ಫ್ಯಾನು ಇದರ ಹತ್ತಿರಕ್ಕೂ ಬರುವುದಿಲ್ಲ. ಅದನ್ನು ಪಡಸಾಲೆಗೆ ಹಾಕಿ ದುಡ್ಡು ಕಳೆಯಬೇಡಿ.

ಅಷ್ಟೇ ಗಾಳಿ ಎಳೆಯುವ ಎರಡು ಫ್ಯಾನುಗಳಲ್ಲಿ ರೆಕ್ಕೆ ಅಗಲವಾಗಿದ್ದು ನಿಧಾನ ತಿರುಗುವುದನ್ನು ಆರಿಸಿ. ನಿಮಿಷಕ್ಕೆ 1,400 ಸುತ್ತಿನದು ಗಿರಣಿಗೆ ಸರಿ, ಕೂಸು ಮಲಗುವ ಮನೆಗೆ ಅಲ್ಲ. 900 ಸುತ್ತಿನದೇ ಇರಲಿ. ಬಿಐಎಸ್ ಗುರುತು, ವ್ಯಾಟ್ ಎಷ್ಟು, ಫ್ಯಾನು ನಿಂತಾಗ ತಾನೇ ಮುಚ್ಚಿಕೊಳ್ಳುವ ಹೊರಪಟ್ಟಿ ಇದೆಯೇ ಎಂಬುದನ್ನು ನೋಡಿಯೇ ದುಡ್ಡು ಕೊಡಿ. ಆ ಪಟ್ಟಿ ಇಲ್ಲದಿದ್ದರೆ ಹಗಲಿನ ಝಳ, ಮಳೆ, ಗುಬ್ಬಿ ಎಲ್ಲ ಅದೇ ಕಿಂಡಿಯಿಂದ ಒಳಗೆ ಬರುತ್ತವೆ.

ಗಾಳಿ ಹೊರಗೆ ಹೋಗಬೇಕಾದರೆ ಒಳಗೆ ಬರಲು ದಾರಿ ಬೇಕು. ನಿಮಿಷಕ್ಕೆ ಸಾವಿರ ಘನ ಅಡಿಗೆ ಕನಿಷ್ಠ ಎರಡು ಚದರ ಅಡಿ ಕಿಟಕಿ ತೆರೆದಿರಲಿ. ಸೊಳ್ಳೆ ಜಾಳಿಗೆ ಇದ್ದರೆ ಇನ್ನೂ ಹೆಚ್ಚು ತೆರೆಯಿರಿ, ಏಕೆಂದರೆ ಅದು ಗಾಳಿಯನ್ನು ತಡೆಯುತ್ತದೆ, ಧೂಳು ಕೂತರೆ ಮತ್ತಷ್ಟು. ಮಲಗುವ ಕೋಣೆಯ ಕಿಟಕಿಯನ್ನೇ ತೆರೆಯಿರಿ, ತಂಪು ಗಾಳಿ ಮೊದಲು ಅಲ್ಲಿಗೆ ಬರಲಿ. ಜಾಳಿಗೆಯ ಖರ್ಚನ್ನು ಫ್ಯಾನಿನ ಖರ್ಚಿನೊಳಗೇ ಹಿಡಿಯಿರಿ.

ನೀರಿನ ಕೂಲರ್ ಇರುವವರು ಅದನ್ನು ಕಿಟಕಿಗೆ ಹೊಂದಿಸಿ, ಹೊರಗಿನ ಒಣ ಗಾಳಿ ಎಳೆಯುವಂತೆ ಇಡಿ. ಮುಚ್ಚಿದ ಕೋಣೆಯಲ್ಲಿ ಇಟ್ಟರೆ ಅರ್ಧ ತಾಸಿಗೆ ಮೈ ಅಂಟಂಟು. ಮಳೆಗಾಲ ಹಿಡಿದ ಮೇಲೆ ಕೂಲರ್ ಕೆಲಸ ಮುಗಿಯಿತು, ಗಾಳಿ ಹೊರಹಾಕುವ ಫ್ಯಾನು ಆಗಲೂ ಉಪಯೋಗಕ್ಕೆ ಬರುತ್ತದೆ.

ದುಡ್ಡಿನ ಲೆಕ್ಕ

ತೊಗರಿ ಮಾರಿದ ದುಡ್ಡು ಕೈಯಲ್ಲಿರುವ ಜನವರಿ, ಫೆಬ್ರುವರಿಯಲ್ಲೇ ಕೊಳ್ಳಿ. ಏಪ್ರಿಲಿನಲ್ಲಿ ವೈರ್‌ಮನ್ ಸಿಗುವುದಿಲ್ಲ, ಬೇಕಾದ ಮಾದರಿ ಅಂಗಡಿಯಲ್ಲಿ ಉಳಿದಿರುವುದಿಲ್ಲ, ಇದ್ದುದನ್ನು ಹೊತ್ತು ತರಬೇಕಾಗುತ್ತದೆ. ಅಫಜಲಪುರ, ಕಲಬುರಗಿ, ಗಡಿಯಾಚೆ ಅಕ್ಕಲಕೋಟ, ಸೊಲ್ಲಾಪುರ ಎಲ್ಲಾದರೂ ಕೊಳ್ಳಿ, ಆದರೆ ದುರಸ್ತಿ ಎಲ್ಲಿ ಮಾಡಿಕೊಡುತ್ತಾರೆಂದು ಮೊದಲು ಕೇಳಿ. ಪಕ್ಕಾ ಬಿಲ್ಲು ಬೇಡ ಎಂದು ನಾಲ್ಕು ರೂಪಾಯಿ ಉಳಿಸಬೇಡಿ. ಬಿಲ್ಲಿಲ್ಲದೆ ವಾರಂಟಿ ಇಲ್ಲ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲೂ ಕೈಯಲ್ಲಿ ಆಧಾರವಿರುವುದಿಲ್ಲ.

ಫ್ಯಾನಿನ ಬೆಲೆಯನ್ನೇ ಒಟ್ಟು ಖರ್ಚು ಎಂದು ತಿಳಿಯಬೇಡಿ. ಗೋಡೆ ಒಡೆದು ಚೌಕಟ್ಟು ಕೂರಿಸುವ ಗೌಂಡಿಯ ಕೂಲಿ, ಹೊರಗಿನ ಮಳೆ ಮುಚ್ಚಿಗೆ, ಬೇರೆಯೇ ಎಳೆದ ಮೂರು ತಂತಿಯ ವೈರು, ಎಂಸಿಬಿ, ಅರ್ಥಿಂಗ್, ಕಿಟಕಿ ಜಾಳಿಗೆ, ಮಾಳಿಗೆಯ ಸುಣ್ಣ, ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆಸಿ, ಇಬ್ಬರಿಂದ ಬರೆಸಿ, ಆಮೇಲೆ ಹೋಲಿಸಿ. ಬಾಯಿಮಾತಿನ ದರ ಕೆಲಸ ಮುಗಿಯುವಾಗ ಬೆಳೆದಿರುತ್ತದೆ. ಇದಕ್ಕಾಗಿ ಬಡ್ಡಿ ಸಾಲ ಬೇಡ. ದುಡ್ಡು ಸಾಲದಿದ್ದರೆ ಈ ವರ್ಷ ಸುಣ್ಣ ಮತ್ತು ಜಾಳಿಗೆ, ಬರುವ ವರ್ಷ ಫ್ಯಾನು.

ಇನ್ನು ತಿಂಗಳ ಕರೆಂಟು. 150 ವ್ಯಾಟಿನ ಫ್ಯಾನು ರಾತ್ರಿ 8 ತಾಸು ಓಡಿದರೆ 1.2 ಯೂನಿಟ್, ತಿಂಗಳಿಗೆ 36. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ನಿಮ್ಮ ಮನೆಗೆ ಎಷ್ಟು ಯೂನಿಟ್ ಉಚಿತ ಎಂಬುದು 2022–23ರ ಸರಾಸರಿ ಬಳಕೆಯ ಮೇಲೆ ನಿಂತಿದೆ, ಎಲ್ಲರಿಗೂ 200 ಅಲ್ಲ. ಅದನ್ನು ಮೀರಿದ ಯೂನಿಟ್‌ಗಳಿಗೆ ದುಡ್ಡು ಕಟ್ಟಬೇಕು. ತಿಂಗಳ ಬಳಕೆ 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಈಗಾಗಲೇ 180 ಸುಡುವ ಮನೆ 36 ಸೇರಿಸಿದರೆ 216 ಆಯಿತು. ಅಂಥವರು ಮೊದಲು ಹಳೆಯ 75 ವ್ಯಾಟಿನ ಸೀಲಿಂಗ್ ಫ್ಯಾನುಗಳನ್ನು 30 ವ್ಯಾಟಿನ ಸುತ್ತಮುತ್ತಲ ಬಿಎಲ್‌ಡಿಸಿ ಫ್ಯಾನಿಗೆ ಬದಲಿಸಿ. ಮೂರು ಬದಲಿಸಿದರೆ ದಿನಕ್ಕೆ 8 ತಾಸಿನ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 32 ಯೂನಿಟ್ ಉಳಿಯುತ್ತದೆ, ದೊಡ್ಡ ಫ್ಯಾನಿನ ಖರ್ಚು ಬಹುಪಾಲು ಅಲ್ಲೇ ತೀರುತ್ತದೆ. ಇಡೀ ರಾತ್ರಿ ಓಡಿಸುವ ಅಗತ್ಯವೂ ಇಲ್ಲ. ಹೊರಗೆ ತಂಪಾದ ಮೇಲೆ ಎರಡು ತಾಸು, ಬೆಳಗಿನ ಜಾವ ಎರಡು ತಾಸು ಓಡಿಸಿ ನೋಡಿ.

ಇನ್ವರ್ಟರಿಗೆ ಸುಮ್ಮನೆ ಜೋಡಿಸಬೇಡಿ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ತಾಸು ಇರುತ್ತದೆ, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಕರೆಂಟು ಹೋದಾಗ ಅದು ಕೂಸಿನ ತಲೆಯ ಮೇಲಿನ ಫ್ಯಾನಿಗೆ ಉಳಿಯಲಿ.

ಜೀವದ ಮಾತು

ಪರವಾನಗಿ ಇರುವ ವೈರ್‌ಮನ್ ಕೈಯಲ್ಲೇ ಕೆಲಸ ಮಾಡಿಸಿ. ಅರ್ಥಿಂಗ್ ಇಲ್ಲದೆ ಸ್ವಿಚ್ ಹಾಕಲು ಬಿಡಬೇಡಿ, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಎಟುಕುವ ಎತ್ತರದಲ್ಲಿ ಫ್ಯಾನು ಇದ್ದರೆ ಒಳಬದಿಗೆ ಬಲವಾದ ಜಾಳಿಗೆ ಇರಲೇಬೇಕು. ರೆಕ್ಕೆ ಒರೆಸುವಾಗ ಸ್ವಿಚ್ ಆರಿಸಿದರೆ ಸಾಲದು, ಎಂಸಿಬಿ ಇಳಿಸಿ.

ಕಿಟಕಿ ಎಲ್ಲ ಮುಚ್ಚಿ ದೊಡ್ಡ ಫ್ಯಾನು ಹಚ್ಚಬೇಡಿ. ಆಗ ಅದು ಗಾಳಿಗಾಗಿ ಒಲೆಯ ಹೊಗೆಗೂಡನ್ನೇ ಎಳೆಯುತ್ತದೆ, ಹೊರಹೋಗಬೇಕಾದ ಹೊಗೆ ಮನೆಯೊಳಕ್ಕೆ ತಿರುಗುತ್ತದೆ. ಅಡಿಗೆಮನೆಗೆ ಅದರದ್ದೇ ಚಿಕ್ಕ ಫ್ಯಾನು ಬೇರೆ ಇರಲಿ. ಉರಿಯ ಮುಂದೆ ಕೂತು ಮನೆಮಂದಿಗೆಲ್ಲ ರೊಟ್ಟಿ ಬಡಿಯುವವರಿಗೆ ಪಡಸಾಲೆಯ ತಂಪು ಮುಟ್ಟುವುದಿಲ್ಲ. ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದರೆ ಅಡಿಗೆಮನೆಗೇ ಹಾಕಿಸಿ.

ಗ್ಯಾಸಿನ ವಾಸನೆ ಬಂದರೆ ಅದನ್ನು ಹೊರಗೆ ಹಾಕಲೆಂದು ಫ್ಯಾನು ಹಚ್ಚಬೇಡಿ, ಓಡುತ್ತಿರುವುದನ್ನು ಆರಿಸಲೂ ಹೋಗಬೇಡಿ. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಒಳಗಿನ ಒಂದು ಕಿಡಿ ಸಾಕು. ರೆಗ್ಯುಲೇಟರ್ ಮುಚ್ಚಿ, ಬಾಗಿಲು, ಕಿಟಕಿ ತೆರೆದು, ಎಲ್ಲರನ್ನೂ ಅಂಗಳಕ್ಕೆ ಕರೆತಂದು, ಅಲ್ಲಿಂದ ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಕರೆ ಮಾಡಿ.